ಜೂನ್ ಒಂದಕ್ಕ ಹುಟ್ಟಿದವರು

ನಮ್ಮ ಬೆಳಗಾವಿ ಕಡೆ ಅರ್ಧ ಊರು ಜೂನ್ ಒಂದಕ್ಕ ಹುಟ್ಟೇತಿ. ನಗಬ್ಯಾಡ್ರಿ, ಬೇಕಾದ್ರ ಯಾರ ಮನ್ಯಾಗರ ಹೋಗಿ ಶಾಲಿ ದಾಖಲೆ ತಗಸಿ ನೋಡ್ರಿ. ನಮ್ಮಪ್ಪ ಜೂನ್ ಒಂದು, ನಮ್ಮ ಕಾಕಾ ಜೂನ್ ಒಂದು, ನನ್ನ ಗಂಡನೂ ಜೂನ್ ಒಂದು. ಮಕ್ಕಳನ್ನ ಶಾಲಿಗೆ ಹೆಸರು ಹಚ್ಚಾಕ ಕರಕೊಂಡು ಹೋದಾಗ ಮಾಸ್ತರು "ಯಾವಾಗ ಹುಟ್ಟೇತಿ ಕೂಸು?" ಅಂತ ಕೇಳತಿದ್ರು. "ಜ್ವಾಳಾ ಕೊಯ್ಯೂ ಮುಂದ್ರಿ" ಅಂತಿದ್ರು ಅವ್ವ ಅಪ್ಪ. ಮಾಸ್ತರು ಮಾರಿ ನೋಡಿ, ಎತ್ತರಾ ನೋಡಿ, ಬಲಗೈ ನೆತ್ತಿ ಮ್ಯಾಲಿಂದ ಎಡಗಿವಿ ಮುಟ್ಟತೈತ್ಯೋ ಇಲ್ಲೋ ಅಂತ ಮುಟ್ಟಿಸಿ ನೋಡಿ, ವರ್ಷಾ ತಾವ ಗೊತ್ತು ಮಾಡತಿದ್ರು. ತಾರೀಖು ಮಾತ್ರ ಎಲ್ಲಾರಿಗೂ ಒಂದ, ಜೂನ್ ಒಂದು. ಶಾಲಿ ಸುರು ಆಗೂದು ಜೂನಿನಾಗ, ಹಿಂಗಾಗಿ ಲೆಕ್ಕಾ ಸಲೀಸು. ಮುಂಬೈಗೆ ಬಂದ ಮ್ಯಾಲೂ ನಮ್ಮ ಮಂದಿ ಇದನ್ನ ಬಿಡಲಿಲ್ಲ, ಯಾಕಂದ್ರ ಇಲ್ಲಿ ಕನ್ನಡ ಶಾಲಿಗೆ ಬಂದ ಮಾಸ್ತರೂ ಆ ಕಡೆಯವರ.

ಇಷ್ಟೆಲ್ಲಾ ಗೊತ್ತಿದ್ದ ನಾ ಮಾಡಿದ ತಪ್ಪು ಕೇಳ್ರಿ. ಗೊತ್ತಿದ್ದದ್ದಕ್ಕನ ಆದ ತಪ್ಪು ಅದು.

ನಾ ಪ್ರೋಗ್ರಾಂ ಬರಿಯಾಕಿ. ದಾದರ್ ಸ್ಟೇಶನ್ ಇಳದು ಹೂವಿನ ಮಾರ್ಕೆಟ್ ದಾಟಿದ್ರ ಒಂದು ಹಳೇ ಬಿಲ್ಡಿಂಗು, ಅದರ ಮೂರನೇ ಮಾಳಗಿ ಮ್ಯಾಲ ನಮ್ಮ ಆಫೀಸು. ಆರು ಮಂದಿ, ಒಂದು ಎಸಿ, ಅದೂ ಕೆಟ್ಟದ್ದು. ಶಾಲಿಗೋಳಿಗೆ ಸಾಫ್ಟ್‌ವೇರ್ ಮಾಡಿ ಕೊಡತೇವಿ. ಹಳೇ ರಜಿಸ್ಟರಿನಾಗ ಶಾಯಿಲೆ ಬರದದ್ದನ್ನ ಶಾಲಿಯವರು ಟೈಪ್ ಮಾಡಿ ಹಾಕತಾರ, ನಮ್ಮ ಪ್ರೋಗ್ರಾಂ ಶಾಲಿ ಬಿಟ್ಟ ಸರ್ಟಿಫಿಕೇಟ್ ಛಾಪಿಸತೈತಿ. ಮುಂಬೈದಾಗ ಅದಕ್ಕ ಎಲ್‌ಸಿ ಅಂತಾರ. ಎಲ್‌ಸಿಯೊಳಗ ಹುಟ್ಟಿದ ತಾರೀಖು ಎರಡು ಸಲ ಬರಬೇಕು, ಒಮ್ಮೆ ಅಂಕಿಯೊಳಗ, ಒಮ್ಮೆ ಅಕ್ಷರದೊಳಗ. ತಾರೀಖನ್ನ ಅಕ್ಷರಕ್ಕ ತರೂ ಆ ತುಂಡು ನಂದು. ಕನ್ನಡ, ಮರಾಠಿ, ಇಂಗ್ಲಿಷ್, ಮೂರೂ ಭಾಷಾದಾಗ ನಾನ ಬರದದ್ದು. ಅದರ ಮ್ಯಾಲ ನನಗ ಭಾಳ ಸೊಕ್ಕಿತ್ತು.

ಮಂದಿ ತಿಳಕೊಂಡಿರತಾರ, ತಾರೀಖು ಬರಿಯೂದ್ರಾಗ ಏನೈತಿ ಮಹಾ ಅಂತ. ಬರ್ರಿ, ಒಂದು ದಿನಾ ನನ್ನ ಕುರ್ಚಿ ಮ್ಯಾಲ ಕುಂದರ್ರಿ. ಕಂಪ್ಯೂಟರಿನ ಹೊಟ್ಟ್ಯಾಗ ಸೋಮವಾರಿಲ್ಲ, ಜೂನಿಲ್ಲ, ಅಮಾಸಿ ಹುಣ್ಣಿಮಿ ಅಂತೂ ಇಲ್ಲವ ಇಲ್ಲ. ಅಲ್ಲಿ ಇರೂದು ಒಂದು ಉದ್ದನ್ನ ಅಂಕಿ, ಯಾವದೋ ಒಂದು ಗಳಿಗಿಯಿಂದ ಎಷ್ಟು ಸೆಕೆಂಡ್ ಕಳದ್ವು ಅಂತ. ಅದನ್ನ ಮನಷ್ಯಾ ಓದೂ ಹಂಗ ಮಾಡಬೇಕಾದ್ರ ಮೊದಲ ದಿನಾನೋ ತಿಂಗಳೋ, ತಿಂಗಳಿಗೆ ಅಂಕಿನೋ ಹೆಸರೋ, ನಡಕ ಗೀಟೋ ಚುಕ್ಕಿಯೋ, ಎಲ್ಲಾ ಬಿಡಿಸಿ ಹೇಳಬೇಕು. ತಿಂಗಳಿಗೆ ದೊಡ್ಡ ಎಂ, ನಿಮಿಷಕ್ಕ ಸಣ್ಣ ಎಂ. ಸುರುವಿನಾಗ ಒಮ್ಮೆ ಸಣ್ಣ ಎಂ ಹಾಕಿ, ಒಂದು ಶಾಲಿ ಹುಡುಗರನ್ನೆಲ್ಲಾ ಸೊನ್ನೆ ತಿಂಗಳದಾಗ ಹುಟ್ಟಿಸಿದ್ದೆ. ಆಫೀಸೆಲ್ಲಾ ನಕ್ಕಿತ್ತು, ನಾನೂ ನಕ್ಕಿದ್ದೆ. ಅಂಥಾ ತಪ್ಪು ಕಣ್ಣಿಗೆ ಬಡೀತೈತಿ, ಬಾಗಲಾ ದಾಟಿ ಹೊರಗ ಹೋಗೂದಿಲ್ಲ.

ಕಣ್ಣಿಗೆ ಬಡೀಲಾರದ್ದು ಹ್ವಾದ ವರ್ಷ ಬ್ಯಾಸಗ್ಯಾಗ ಬಂತು. ನಮ್ಮ ಸಾಹೇಬ್ರು ಆಫೀಸಿನ ಮೂಲ್ಯಾಗಿದ್ದ ಹಳೇ ಮಶೀನ್ ತಗದು, ಎಲ್ಲಾ ಕೆಲಸಾನೂ ಹೊರಗಿನ ಬಾಡಿಗಿ ಸರ್ವರ್ ಮ್ಯಾಲ ಹಾಕಸಿದ್ರು. ಹಾಕಿದ ಮ್ಯಾಲ ಪರೀಕ್ಷಾಕ್ಕಂತ ವಡಾಲಾದ ಒಂದು ಕನ್ನಡ ಶಾಲಿದು ಒಂದು ಗಂಟು ಎಲ್‌ಸಿ ಛಾಪಿಸಿದ್ವಿ. ನನ್ನ ಬಾಜೂ ಟೇಬಲಿನ್ಯಾಗ ಕುಂದರೂ ಗುಜರಾತಿ ಗೆಳತಿ ಹಾಳಿ ತಿರುವಿ ಹಾಕಿದ್ಲು. "ದೀದಿ, ಇದೇನಿದು? ಇಷ್ಟು ಮಂದಿ ಮೇ ಮೂವತ್ತೊಂದಕ್ಕ ಹುಟ್ಟ್ಯಾರ! ಏನೋ ಬಗ್ ಐತಿ, ನೋಡು" ಅಂದ್ಲು.

ನಾ ಏನು ಮಾಡಿದೆ ಗೊತ್ತೈತೇನು? ಹೊಟ್ಟಿ ಹಿಡಕೊಂಡು ನಕ್ಕೆ. "ನಿನಗ ನಮ್ಮ ಮಂದಿ ಗೊತ್ತಿಲ್ಲ. ನಮ್ಮಲ್ಲಿ ಹಡಿಯೂದು ಅವ್ವ, ತಾರೀಖು ಕೊಡೂದು ಮಾಸ್ತರು. ನಮ್ಮೂರ ಮಾಸ್ತರು ಜೂನ್ ಒಂದು ಹಿಡದಿದ್ರು, ಈ ಶಾಲಿ ಮಾಸ್ತರು ಮೇ ಮೂವತ್ತೊಂದು ಹಿಡದಾರ, ಅಷ್ಟ" ಅಂದೆ. ಆಕಿ ಪಾಪ, ಹಿರ್‍ಯಾಕಿ ಹೇಳ್ಯಾಳಂತ ಸುಮ್ಮನಾದ್ಲು. ಬ್ಯಾರೆ ಯಾವ ಊರಿನ ಪ್ರೋಗ್ರಾಮರ್ ಇದ್ರೂ ಆ ರಾಶಿ ನೋಡಿ ಅಲ್ಲೇ ನಿಂದ್ರತಿದ್ದ. ನಾ ಜಾಣಿ, ನಿಂದರ್ಲಿಲ್ಲ. ಊರಿಗೆಲ್ಲಾ ಶಕುನಾ ಹೇಳೂ ಹಲ್ಲಿ ತಾನ ಕಲಗಚ್ಚಿನ್ಯಾಗ ಬಿತ್ತಂತ. ಆ ಗಾದಿ ನನ್ನ ಸಂಬಂಧನ ಹುಟ್ಟಿರಬೇಕು.

ಇನ್ನ ಅಕ್ಕನ ಮಾತು. ಭಾಂಡುಪಿನಾಗ ನಮ್ಮ ಚಾಳಿನ್ಯಾಗ, ನಮ್ಮಿಂದ ಎರಡು ಖೋಲಿ ಆಚೆ ವಿಜಾಪುರ ಕಡ್ಯಾಕಿ ಒಬ್ಬಾಕಿ ಅದಾಳ. ನನ್ನ ಒಡಹುಟ್ಟಿದಾಕಿ ಅಲ್ಲ, ಚಾಳಿಗೆಲ್ಲಾ ಅಕ್ಕ. ಆಕಿ ಅಪ್ಪ ಬಂದರದಾಗ ಹಮಾಲಿ ಮಾಡಾಕ ಬಂದಂವ. ಹಿಂಗಾಗಿ ಆಕಿ ಬೆಳದದ್ದು ವಡಾಲಾದಾಗ, ಏಳನೇತ್ತ ತನಕಾ ಕಲತದ್ದೂ ಅಲ್ಲೇ ಕನ್ನಡ ಶಾಲ್ಯಾಗ. ಒಂದು ದೊಡ್ಡ ದವಾಖಾನ್ಯಾಗ ಹದಿನೆಂಟು ವರ್ಷದಿಂದ ಆಯಾ ಅದಾಳ, ಅದೂ ಕಾಂಟ್ರ್ಯಾಕ್ಟ್ ಮ್ಯಾಲ. ಹದಿನೆಂಟು ವರ್ಷ ಮಂದಿ ಮೈ ಒರಸ್ಯಾಳ, ಬಾಣಂತ್ಯಾರ ಕಾಲು ಒತ್ತ್ಯಾಳ, ಆದ್ರೂ ವರ್ಷಾ ವರ್ಷಾ "ಮುಂದಿನ ವರ್ಷ ಇರತಿಯೋ ಇಲ್ಲೋ ಗೊತ್ತಿಲ್ಲ" ಅನ್ನಿಸಿಕೊಂಡು ಬದುಕ್ಯಾಳ.

ಹ್ವಾದ ವರ್ಷ ಒಮ್ಮೆಲೆ ನೋಟೀಸ್ ಬಂತು, ಹಳೇ ಆಯಾಗೋಳನ್ನ ಪರ್ಮನೆಂಟ್ ಮಾಡತೇವಿ ಅಂತ. ವಯಸ್ಸಿಗೆ ಒಂದು ಕಟ್ಟು ಹಾಕಿದ್ರು. ಇಂಥಾ ವರ್ಷದ ಜೂನ್ ಒಂದಕ್ಕ ಇಲ್ಲಾ ಅದರ ಮುಂದ ಹುಟ್ಟಿದವರು ನಡೀತಾರ, ಅದಕ್ಕಿಂತ ಮೊದಲ ಹುಟ್ಟಿದವರು ನಡಿಯೂದಿಲ್ಲ. ಅಕ್ಕಂದು ಅದ ವರ್ಷ, ಅದ ಜೂನ್ ಒಂದು. ಕಟ್ಟಿ ಅಂಚಿನ ಮ್ಯಾಲ ಕಾಲಿಟ್ಟಂಗ, ಆದ್ರೂ ಒಳಗ. ಇನ್ನೊಂದು ಸಲ ಇಂಥಾ ನೋಟೀಸ್ ಬಂದ್ರ ಆಕಿಗೆ ವಯಸ್ಸು ಮೀರಿರತಿತ್ತು. ಆಧಾರಿನ್ಯಾಗ ಬರೇ ವರ್ಷ ಇತ್ತು, ತಾರೀಖಿಗೆ ಎಲ್‌ಸಿನ ಬೇಕು ಅಂದ್ರು. ಹಳೇ ಎಲ್‌ಸಿ ಒಂದು ಮಳಿಗಾಲದಾಗ ಖೋಲಿಗೆ ನೀರು ಹೊಕ್ಕಾಗ ಹಾಳಾಗಿತ್ತು. ಶಾಲಿಗೆ ಹೋಗಿ ಹೊಸಾದು ತಂದು ಹಚ್ಚಿದ್ಲು.

ಸೋಮವಾರ ಸಂಜಿಮುಂದ ನಾ ರೊಟ್ಟಿ ಬಡಿಯಾಕ ಹತ್ತಿದ್ದೆ. ಅಕ್ಕ ಬಾಗಲದಾಗ ಬಂದು ನಿಂತ್ಲು, ಇನ್ನೂ ದವಾಖಾನಿ ಸೀರಿ ಸೈತ ಬಿಚ್ಚಿದ್ದಿಲ್ಲ.

"ತಂಗಿ, ಇದನ್ನೊಂದು ನೋಡಿ ಹೇಳು. ಕ್ಲಾರ್ಕ್ ಫಾರ್ಮ್ ತಿರುಗಿ ಕೊಟ್ಟ. ಒಂದ ದಿನಾ ದೊಡ್ಡಾಕಿ ಅದಿ, ನಡಿಯೂದಿಲ್ಲ ಅಂದ."

ಓದಿದೆ. ಮೇ ಮೂವತ್ತೊಂದು. ಅಂಕಿಯೊಳಗೂ ಅದ, ಅಕ್ಷರದೊಳಗೂ ಅದ.

"ನಂದು ಜೂನ್ ಒಂದವಾ. ನನ್ನ ತಮ್ಮಂದೂ ಜೂನ್ ಒಂದ. ಇಬ್ಬರನ್ನೂ ಒಂದ ದಿನಾ ಕರಕೊಂಡು ಹೋಗಿ ಹೆಸರು ಹಚ್ಚಿದ್ದ ನಮ್ಮಪ್ಪ" ಅಂದ್ಲು.

ನನ್ನ ಕೈ ತುಂಬ ಹಿಟ್ಟು, ತವಿ ಮ್ಯಾಲ ರೊಟ್ಟಿ ಸೀಯಾಕ ಹತ್ತಿತ್ತು. "ಅಕ್ಕಾ, ಕಂಪ್ಯೂಟರ್ ತನ್ನ ಮನಸ್ಸಿಲೆ ಏನೂ ಬರಿಯೂದಿಲ್ಲ. ರಜಿಸ್ಟರಿನ್ಯಾಗ ಇದ್ದದ್ದ ಬರತೈತಿ. ನಿಮ್ಮಪ್ಪ ಆವತ್ತ ಏನು ಹೇಳಿದ್ನೋ, ಮಾಸ್ತರು ಅದನ್ನ ಬರದಾರ" ಅಂದೆ. ಎಷ್ಟು ಸಲೀಸಾಗಿ ಅಂದೆ ನೋಡ್ರಿ! ಆಕಿ ಮಾರಿನೂ ನೆಟ್ಟಗ ನೋಡಲಿಲ್ಲ, ರೊಟ್ಟಿ ತಿರುವಿ ಹಾಕಿದೆ.

ಅಕ್ಕ ಕಾಗದಾ ಮಡಚಿ ಪ್ಲಾಸ್ಟಿಕ್ ಚೀಲದಾಗ ಇಟ್ಟಗೊಂಡ್ಲು. "ಶುಕ್ರವಾರ ಕಡೀ ದಿನಾ ಐತಿ" ಅಂದು ಹೋದ್ಲು.

ಮರುದಿನಾ ಮುಂಜಾನೆ ಲೋಕಲ್‌ದಾಗ ನಿಂತಿದ್ದೆ. ವಿಕ್ರೋಳಿ ದಾಟಿರಬೇಕು. ಹಿಂದಿನಾಕಿ ಮೊಣಕೈ ನನ್ನ ಪಕ್ಕಿಗೆ ನಟ್ಟಿತ್ತು, ಮುಂದಿನಾಕಿ ತುರುಬಿನ ಮಲ್ಲಿಗಿ ನನ್ನ ಮೂಗಿನ್ಯಾಗ. ಆ ಗದ್ದಲದಾಗ ಅಕ್ಕನ ಮಾತು ತಿರುಗಿ ಕೇಳಿಸಿತು. ಒಬ್ಬ ಅಪ್ಪ, ಒಬ್ಬ ಮಾಸ್ತರು, ಒಂದ ದಿನಾ. ಮಗಗ ಜೂನ್ ಒಂದು ಬರದಂವ ಮಗಳಿಗೆ ಯಾಕ ಮೇ ಮೂವತ್ತೊಂದು ಬರದಾನು? ಖರೇ ತಾರೀಖು ಗೊತ್ತಿದ್ರ ಒಂದು ಮಾತು. ಸುಳ್ಳ ತಾರೀಖು ಬರಿಯಾಂವಗ ಎರಡೆರಡು ಸುಳ್ಳು ಯಾಕ ಬೇಕು? ಅಯ್ಯ ಶಿವನ! ಪರೀಕ್ಷಾದಾಗ ಕಂಡ ಆ ರಾಶಿ ಮಾಸ್ತರದಲ್ಲ, ನಂದು. ಇಡೀ ರಾಶಿ ಒಂದು ದಿನಾ ಹಿಂದ ಸರದೇತಿ.

ಆಫೀಸಿಗೆ ಹೋದಾಕಿ ಕುಂದರಲಿಲ್ಲ, ನಿಂತ ಟೈಪ್ ಮಾಡಿದೆ. ಅಕ್ಕನ ತಾರೀಖನ್ನ ತಾಸು ನಿಮಿಷದ ಸುದ್ದಾ ತೋರಿಸು ಅಂತ ಕೇಳಿದೆ. ತೋರಿಸಿತು: ಮೇ ಮೂವತ್ತೊಂದು, ಸಂಜಿ ಆರೂವರಿ.

ಹುಟ್ಟಿದ ತಾರೀಖಿಗೆ ತಾಸು ಯಾರೂ ಬರದಿರಂಗಿಲ್ಲ. ಹಂಗಾಗಿ ನಮ್ಮ ಪ್ರೋಗ್ರಾಂ ತಾನ ರಾತ್ರಿ ಹನ್ನೆರಡು ಅಂತ ಹಿಡೀತಿತ್ತು. ಆಫೀಸಿನ ಹಳೇ ಮಶೀನಿನ್ಯಾಗ ಗಡಿಯಾರ ಮುಂಬೈದ್ದು, ಏನೂ ತೊಂದ್ರಿ ಇದ್ದಿಲ್ಲ. ಹೊಸಾ ಸರ್ವರಿನ ಗಡಿಯಾರ ಗ್ರೀನಿಚ್‌ದು, ನಮಗಿಂತ ಐದೂವರಿ ತಾಸು ಹಿಂದ. ಇಲ್ಲಿ ಜೂನ್ ಒಂದು ಹುಟ್ಟೂ ಗಳಿಗ್ಯಾಗ ಅಲ್ಲಿ ಇನ್ನೂ ಮೇ ಮೂವತ್ತೊಂದರ ಸಂಜಿ. ಯಾವ ಊರಿನ ಗಡಿಯಾರ ನೋಡಿ ಬರಿಬೇಕು ಅಂತ ನಾ ಹೇಳಿದ್ದಿಲ್ಲ, ಅದು ತನ್ನ ಗಡಿಯಾರ ನೋಡಿ ಬರದಿತ್ತು. ತಾಸು ನಿಮಿಷ ಕತ್ತರಿಸಿ ಒಗದು ಬರೇ ದಿನಾ ಛಾಪಿಸಂತ ಹೇಳಿದಾಕಿನೂ ನಾನ. ಅಂಕಿಯೊಳಗ ತಪ್ಪಿದ್ರ ಅಕ್ಷರ ಹಿಡೀಲಿ ಅಂತ ಎರಡು ಸಲ ಬರಸತಾರ. ನಾ ಎರಡನ್ನೂ ಒಂದ ತಪ್ಪಿನಿಂದ ತಗದಿದ್ದೆ. ಕಳ್ಳಗ ಕಳ್ಳನ ಸಾಕ್ಷಿ ಹೇಳಿದಂಗಾತು.

ಗುಜರಾತಿ ಗೆಳತಿನ್ನ ಕರದೆ. "ನೀ ಹೇಳಿದ್ದ ಖರೇ ಇತ್ತು, ನಾ ಸೊಕ್ಕಿಲೆ ನಕ್ಕೆ, ತಪ್ಪಾತು" ಅಂದೆ. ಆಕಿ ಕುರ್ಚಿ ಎಳಕೊಂಡು ಬಾಜೂ ಕುಂತ್ಲು, ಒಂದು ಮಾತೂ ಚುಚ್ಚಲಿಲ್ಲ.

ಸಾಹೇಬ್ರಿಗೆ ಹೇಳಿದೆ. ಸಾಹೇಬ್ರು ಮರಾಠಿ ಮಂದಿ, ವಯಸ್ಸಾದವರು, ಮೂಲತಃ ಒಳ್ಳೇವರ, ಆದ್ರ ಅಂಜುಬುರಕರು. "ಏನಾತು ಈಗ? ಆ ಹೆಣಮಗಳದೊಂದು ಹೊಸಾದು ಛಾಪಿಸಿ ಕೊಟ್ಟ ಬಿಡು. ಶಾಲಿಯವರು ಟೈಪ್ ಮಾಡೂದ್ರಾಗ ತಪ್ಪಿದ್ರು ಅನ್ನು. ಬರವಣಗಿಯೊಳಗ ಮಾತ್ರ ಏನೂ ಕೊಡಬ್ಯಾಡ, ಬರದದ್ದು ನಾಳಿ ಕೊರಳಿಗೆ ಸುತ್ತಕೋತೈತಿ" ಅಂದ್ರು.

"ಉಳಿದವರದು ಸಾಹೇಬ್ರ?"

"ಯಾರರ ಕೇಳಾಕ ಬಂದ್ರ ನೋಡೂಣು."

ನನ್ನ ಸಿಟ್ಟು ನೆತ್ತಿಗೇರಿತು. ತಪ್ಪು ಮಾಡಿದಾಕಿ ನಾ, ಹೆಸರು ಯಾವದೋ ಶಾಲಿ ಗುಮಾಸ್ತಗ! "ಸಾಹೇಬ್ರ, ಸರ್ವರ್ ಬದಲಿ ಆದಾಗಿಂದ ಯಾವ್ಯಾವ ಎಲ್‌ಸಿ ಹೊರಗ ಹೋಗ್ಯಾವೋ ಅವಷ್ಟೂ ಪಟ್ಟಿ ತಗದು ಇವತ್ತ ಶಾಲಿಗೋಳಿಗೆ ಮೇಲ್ ಮಾಡತೇನಿ. ನೀವು ಹೂಂ ಅಂದ್ರ ನಿಮ್ಮ ಹೆಸರಿಲೆ, ಉಹೂಂ ಅಂದ್ರ ನನ್ನ ಹೆಸರಿಲೆ" ಅಂದೆ.

"ನೌಕರಿ ಬ್ಯಾಡಾಗೇತೇನು ನಿನಗ?"

"ಬೇಕು. ಅದಕ್ಕ ಮಾಡತೇನಿ."

ಅವರು ಮಾರಿ ತಿರುವಿದ್ರು. ನಾ ಕೆಲಸಕ್ಕ ಕುಂತೆ. ಗಡಿಯಾರ ಮುಂಬೈದ್ದು ಹಿಡಿ ಅಂತ ಒಂದು ಸಾಲು ಸೇರಿಸಿದ್ರ ಸಾಕಿತ್ತು. ನಾ ಅಷ್ಟಕ್ಕ ಬಿಡಲಿಲ್ಲ. ಹುಟ್ಟಿದ ತಾರೀಖಿಗೆ ಗಡಿಯಾರನ ಬ್ಯಾಡ ಅಂತ ತಾಸು, ನಿಮಿಷ, ಸೆಕೆಂಡ್ ಎಲ್ಲಾ ಕಿತ್ತು ಒಗದೆ. ದಿನಾ, ತಿಂಗಳಾ, ವರ್ಷಾ, ಇಷ್ಟ ಉಳಸಿದೆ. ಜನವರಿ ಒಂದು, ಮಾರ್ಚ್ ಒಂದು, ಫೆಬ್ರವರಿ ಇಪ್ಪತ್ತೊಂಬತ್ತು, ಜೂನ್ ಒಂದು, ಹಿಂಗ ಅಂಚಿನ ತಾರೀಖೆಲ್ಲಾ ಹುಡುಕಿ ಹುಡುಕಿ ಛಾಪಿಸಿ, ಗೆಳತಿ ಕೈಲೆ ಓದಿಸಿದೆ. ಸರ್ವರನ್ನ ಬೇಕಂತ ಬ್ಯಾರೆ ಬ್ಯಾರೆ ದೇಶದ ಗಡಿಯಾರಕ್ಕ ತಿರುವಿ ನೋಡಿದೆ. ಜೂನ್ ಒಂದು ಜಾಗಾ ಬಿಟ್ಟು ಅಲಗಲಿಲ್ಲ. ಸಂಜಿ ತನಕಾ ಮೇಲ್ ಎಲ್ಲಾ ಹೋದ್ವು, ನನ್ನ ಹೆಸರಿಲೆ.

ಇಷ್ಟು ಧೈರ್ಯಾ ಮಾಡಿದಾಕಿ, ಮನಿಗೆ ಬಂದು ಅಕ್ಕಗ ಏನು ಹೇಳಬೇಕಾಗಿತ್ತು? "ಅಕ್ಕಾ, ತಪ್ಪು ನಂದು." ಈ ಮೂರು ಶಬ್ದಕ್ಕ ನಾಲಿಗಿ ಹೊಳ್ಳಲಿಲ್ಲ. ಆಫೀಸಿನ್ಯಾಗ ಹುಲಿ, ಚಾಳಿನ್ಯಾಗ ಇಲಿ. "ನಾ ವಡಾಲಾಕ್ಕ ಹೋಗಿ ನೋಡತೇನಿ, ಸರಿ ಮಾಡಸತೇನಿ, ನೀ ಚಿಂತಿ ಮಾಡಬ್ಯಾಡ" ಅಂದೆ. ಅಕ್ಕ ನನ್ನ ಎರಡೂ ಕೈ ಹಿಡಕೊಂಡ್ಲು. ನಾ ಯಾರದೋ ಕೈಕಾಲು ಹಿಡದು ತನ್ನ ಸಂಬಂಧ ಓಡಾಡತೇನಿ ಅಂತ ತಿಳಕೊಂಡ್ಲು. ಮರುದಿನಾ ಮುಂಜಾನೆ ಡಬ್ಬಿ ತುಂಬ ಶೇಂಗಾ ಹೋಳಿಗಿ ಮಾಡಿ ತಂದು ಕೊಟ್ಲು. ಇಸಕೊಂಡು ಚೀಲದಾಗ ಇಟ್ಟಗೊಂಡೆ. ಲೋಕಲ್‌ದಾಗ ಒಂದು ಮುರದು ಬಾಯಾಗ ಹಾಕ್ಕೊಂಡೆ, ನಾಚಿಗಿ ಬಂದು ಡಬ್ಬಿ ಮುಚ್ಚಿಟ್ಟೆ.

ವಡಾಲಾದ ಶಾಲಿ ಹೆಡ್ ಟೀಚರ್ ಬಾಯಾರು ಕಪಾಟಿನಿಂದ ಹಳೇ ರಜಿಸ್ಟರ್ ಇಳಿಸಿ ಧೂಳಾ ಝಾಡಿಸಿದ್ರು. ಹಾಳಿ ಅಂಚು ಹುಳಾ ತಿಂದಿದ್ವು. ಅಕ್ಕನ ಹೆಸರು, ಕೆಳಗ ಆಕಿ ತಮ್ಮನ ಹೆಸರು, ನೀಲಿ ಶಾಯಿಲೆ ಗುಂಡು ಗುಂಡು ಅಕ್ಷರ. ಇಬ್ಬರಿಗೂ ಜೂನ್ ಒಂದು. ನಾ ಬಾಯಾರಿಗೆ ಇದ್ದದ್ದು ಇದ್ದಂಗ ಹೇಳಿದೆ. ಅವರು ಕನ್ನಡಕದ ಮ್ಯಾಲಿಂದ ನನ್ನ ನೋಡಿ, "ಒಂದು ದಿನಾದ ಸಂಬಂಧ ನಮ್ಮ ಬಡವರ ಅನ್ನಾನ ಹೋಗತಿತ್ತಲ್ಲವಾ" ಅಂದ್ರು. ಹೊಸಾ ಎಲ್‌ಸಿಗೆ ಸಹಿ ಮಾಡಿ ಶಿಕ್ಕಾ ಒತ್ತಿದ್ರು. ರಜಿಸ್ಟರ್ ಪ್ರಕಾರ ಇದ ಖರೇ ಅಂತ ಒಂದು ಪತ್ರಾನೂ ಕೊಟ್ರು.

ಗುರುವಾರ ಅಕ್ಕನ ಡ್ಯೂಟಿ. ಶುಕ್ರವಾರ ನಾ ರಜಾ ಹಾಕಿ ಆಕಿ ಜೋಡಿ ದವಾಖಾನಿ ಆಫೀಸಿಗೆ ಹೋದೆ. ಖಿಡಕಿ ಮುಂದ ಉದ್ದನ್ನ ಸಾಲು. ಒಂದು ಗಂಟೆಕ್ಕ ಬಂದ್ ಮಾಡತಾರಂತ. ನಮ್ಮ ಪಾಳಿ ಬಂದಾಗ ಹನ್ನೆರಡೂವರಿ.

ಕ್ಲಾರ್ಕ್ ಹಳೇ ಎಲ್‌ಸಿ, ಹೊಸಾ ಎಲ್‌ಸಿ ಬಾಜೂ ಬಾಜೂ ಇಟ್ಟು ನೋಡಿದ. "ಸೋಮವಾರ ಮೇ, ಶುಕ್ರವಾರ ಜೂನ್? ಬಾಯಿ, ಇಂಥಾವು ದಿನಾ ನೋಡತೇವಿ ನಾವು" ಅಂದ. ಶಾಲಿ ಪತ್ರಾ ಮುಂದ ಸರಿಸಿದೆ. ಓದಿದ. "ರಜಿಸ್ಟರ್ ಸರಿ ಇದ್ರ ಛಾಪಾ ಯಾಕ ತಪ್ಪಿತು? ಯಾರು ತಪ್ಪಿಸಿದ್ರೋ ಅವರು ಬರದು ಸಹಿ ಮಾಡಿ ಕೊಡಲಿ. ಇಲ್ಲಂದ್ರ ಇದು ಒಳಗ ಹೋಗೂದಿಲ್ಲ."

ಅಕ್ಕನ ಕೈ ಖಿಡಕಿ ಸರಳು ಹಿಡಕೊಂಡಿತ್ತು. ನಾ ಒಂದು ಹಾಳಿ ಇಸಕೊಂಡೆ, ಗ್ವಾಡಿಗೆ ಹಚ್ಚಿ ನಿಂತ ನಿಂತ ಮರಾಠಿಯೊಳಗ ಬರದೆ. ಸಾಹೇಬ್ರ ಮಾರಿ ಕಣ್ಣ ಮುಂದ ಬಂತು, ಇರಲಿ ಅಂದೆ. ಸಹಿ ಮಾಡಿದೆ, ಫೋನ್ ನಂಬರ್ ಹಾಕಿದೆ, ಒಳಗ ಕೊಟ್ಟೆ. ಆ ಪುಣ್ಯಾತ್ಮ ಅದನ್ನ ಮನಸ್ಸಿನಾಗ ಓದಲಿಲ್ಲ, ಸಾಲಿನವರಿಗೆಲ್ಲಾ ಕೇಳೂ ಹಂಗ ಓದಿದ. ರಜಿಸ್ಟರಿನ್ಯಾಗ ತಾರೀಖು ಮೊದಲಿಂದ ಸರಿ ಐತಿ. ಶಾಲಿಯವರ ತಪ್ಪಲ್ಲ, ಅರ್ಜಿ ಹಾಕಿದಾಕಿ ತಪ್ಪಲ್ಲ. ತಾರೀಖು ಛಾಪಿಸೂ ಪ್ರೋಗ್ರಾಂ ಬರದಾಕಿ ನಾನು, ತಪ್ಪು ನಂದು.

ಅಕ್ಕಗ ಮರಾಠಿ ನನಗಿಂತ ಛಲೋ ಬರತೈತಿ. ಆಕಿ ಹೊಳ್ಳಿ ನನ್ನ ನೋಡಿದ್ಲು.

ಕ್ಲಾರ್ಕ್ ನನ್ನ ಗುರುತಿನ ಚೀಟಿ ನೋಡಿ, ಹಾಳಿ ಟಾಚಣಿಲೆ ಫಾರ್ಮಿಗೆ ಚುಚ್ಚಿ, ಠಪ್ಪಂತ ಶಿಕ್ಕಾ ಹೊಡದ. ಫಾರ್ಮ್ ಒಳಗ ಹೋತು. ಎರಡು ತಿಂಗಳಾದ ಮ್ಯಾಲ ಪಟ್ಟಿಯೊಳಗ ಆಕಿ ಹೆಸರೂ ಬಂತು, ಈಗ ಪರ್ಮನೆಂಟ್ ಅದಾಳ. ಸಾಹೇಬ್ರು ಒಂದು ವಾರಾ ನನ್ನ ಜೋಡಿ ಮಾತಾಡಲಿಲ್ಲ, ಆಮ್ಯಾಲ ಆಡಿದ್ರು. ಆದ್ರ ಆ ಶುಕ್ರವಾರ ನನಗ ಶಿಕ್ಕಾ ಬಿದ್ದದ್ದರ ಖುಷಿನೂ ಆಗಲಿಲ್ಲ. ಲೋಕಲ್‌ದಾಗ ಭಾಂಡುಪ್ ಬರೂ ತನಕಾ ಅಕ್ಕ ಖಿಡಕಿ ಹೊರಗ ನೋಡಕೋತ ಕುಂತಿದ್ಲು. ಸ್ಟೇಶನ್ ಬ್ರಿಜ್ ಮ್ಯಾಲ ಮಂದಿ ನಡಕ ನಿಂತಬಿಟ್ಲು.

"ನಿನಗ ಯಾವಾಗ ಗೊತ್ತಾತು?"

"ಮಂಗಳವಾರ, ಅಕ್ಕಾ."

"ಸೋಮವಾರ ನೀ ಹೇಳಿದ್ದು ಕೇಳಿ ಮನಿಗೆ ಹೋದೆ. ನಮ್ಮಪ್ಪನ ಫೋಟೋ ಗ್ವಾಡಿಯಿಂದ ಇಳಿಸಿ ಟ್ರಂಕಿನ ಹಿಂದ ಒಗದೆ. ಅಡ್ನಾಡಿ, ಒಂದು ತಾರೀಖು ನೆಟ್ಟಗ ಹೇಳಾಕ ಬರಲಿಲ್ಲೇನು ನಿನಗ, ಮಗಳ ಅನ್ನಾ ಕಸಗೊಂಡೆಲ್ಲ ಅಂತ ಬೈದೆ. ಸತ್ತ ಮನಷ್ಯಾಗ ಬೈದೇನಿ ತಂಗಿ. ದಿನಾ ದೀಪಾ ಹಚ್ಚೂದೂ ಬಿಟ್ಟೆ. ಮಂಗಳವಾರ ಒಂದು ಮಾತು ಹೇಳಿದ್ರ ಏನಾಗತಿತ್ತು ನಿನಗ?"

ಅಳು ಬಂತು, ಅತ್ತೆ. ಆಕಿ ನನ್ನ ಸಮಾಧಾನಾ ಮಾಡಲಿಲ್ಲ, ಮಾಡಬೇಕಾಗಿನೂ ಇದ್ದಿಲ್ಲ. "ನಡಿ" ಅಂದ್ಲು.

ತನ್ನ ಖೋಲಿ ಬಾಗಲಾ ತಗದು, ಟ್ರಂಕಿನ ಹಿಂದಿನಿಂದ ಫೋಟೋ ತಗದು, ಸೆರಗಿಲೆ ಒರಸಿ ಮೊಳಿಗೆ ಹಾಕಿದ್ಲು. ಬಿಳೇ ಟೊಪಿಗಿ, ದಪ್ಪ ಮೀಸಿ, ಹಮಾಲನ ಅಗಲಾದ ಹೆಗಲು.

"ಇನ್ನ ಹೇಳು. ನನಗಲ್ಲ, ಅವಗ."

ಕೈ ಜೋಡಿಸಿದೆ. "ಕಾಕಾ, ತಾರೀಖು ನೀವು ತಪ್ಪಿಸಿಲ್ಲ. ನಾ ತಪ್ಪಿಸಿದೆ" ಅಂದೆ. ಧ್ವನಿ ಹೊರಗ ಬರಲಿಲ್ಲ.

"ಜೋರಾಗಿ ಹೇಳು" ಅಂದ್ಲು ಅಕ್ಕ. "ಅವಗ ಕಿವಿ ಮಂದ ಇದ್ವು."

ಚಾಳೆಲ್ಲಾ ಕೇಳೂ ಹಂಗ ಇನ್ನೊಮ್ಮೆ ಹೇಳಿದೆ.